ಹುಲಿಗೆಮ್ಮನಿಗಾಗಿ ನಾನು ಮಾಡಿದ ಮೂರು ತಿಂಗಳ ಪ್ರಾರ್ಥನೆ

ಅದಿರಿನ ಭರಾಟೆಯ ಆ ವರ್ಷಗಳಲ್ಲಿ ನಮ್ಮ ಕಡೆ ಕೆಮ್ಮದ ಮನುಷ್ಯನನ್ನು ಹುಡುಕಿದರೂ ಸಿಗುತ್ತಿರಲಿಲ್ಲ. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಒಂದರ ಹಿಂದೊಂದು ಹೊಸಪೇಟೆಯ ಕಡೆ ಇಳಿಯುತ್ತಿದ್ದವು. ರಸ್ತೆ ಬದಿಯ ಬೇವಿನ ಗಿಡ ಕೆಂಪು, ಎಮ್ಮೆಯ ಬೆನ್ನು ಕೆಂಪು, ಹಗ್ಗದ ಮೇಲೆ ಒಣಗಿದ ಬಿಳಿ ಪಂಚೆ ಕೆಂಪು. ಉಗುಳಿದರೆ ಉಗುಳೂ ಕೆಂಪು. ಹಾಗಾಗಿ ನನ್ನ ಉಗುಳಿನಲ್ಲಿ ರಕ್ತ ಬಂದಾಗ ನಾನದನ್ನು ಧೂಳು ಅಂದುಕೊಂಡೆ. ಒಂದು ದಿನವಲ್ಲ, ಹತ್ತಿರ ಹತ್ತಿರ ಒಂದೂವರೆ ತಿಂಗಳು ಅಂದುಕೊಂಡೆ. ಬೇರೆ ಊರಿನವರು ಕೇಳಿದರೆ ನಕ್ಕಾರು. ನಮ್ಮೂರಿನವರು ನಗುವುದಿಲ್ಲ, ತಮ್ಮ ಕರ್ಚೀಫು ತೆಗೆದು ಒಮ್ಮೆ ನೋಡಿಕೊಳ್ಳುತ್ತಾರೆ.

ಪತ್ತೆ ಹಚ್ಚಿದವಳು ನನ್ನ ಹೆಂಡತಿ ರೂತಮ್ಮ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನನ್ನ ಕರ್ಚೀಫು ಹಿಡಿದು ಬಹಳ ಹೊತ್ತು ಕೂತಿದ್ದಳು.

"ಧೂಳಾದರ ನೀರಾಗ ಹಾಕಿದ ಕೂಡಲೆ ಬಿಡತೈತಿ. ಇದು ಬಿಡವಲ್ದು. ಇದು ಧೂಳಲ್ರಿ," ಅಂದಳು.

"ಮತ್ತೇನು?"

"ನನ್ನ ಬಾಯಿಲೆ ಯಾಕ ಹೇಳಸ್ತೀರಿ? ಅಂಗಿ ಹಾಕ್ಕೊಳ್ರಿ, ದವಾಖಾನಿಗೆ ಹೋಗೂಣು."

ಸರ್ಕಾರಿ ಆಸ್ಪತ್ರೆಯ ಕಫ ಪರೀಕ್ಷೆಯ ಕೋಣೆಯ ಮುಂದೆ ಒಂದು ಉದ್ದನೆಯ ಬೆಂಚು. ಅಲ್ಲಿ ಕೂತವರೆಲ್ಲ ಒಬ್ಬರಿಗೊಬ್ಬರು ಪರಿಚಯವಿಲ್ಲದಂತೆ ಗೋಡೆ ನೋಡುತ್ತಿದ್ದರು. ಪರಿಚಯ ಇದ್ದವರಂತೂ ಇನ್ನೂ ಗಟ್ಟಿಯಾಗಿ ಗೋಡೆ ನೋಡುತ್ತಿದ್ದರು. ಕೈಗೊಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಕೊಟ್ಟು, ಹೊರಗೆ ಗಿಡದ ಕೆಳಗೆ ಹೋಗಿ ಎದೆಯಾಳದಿಂದ ಕೆಮ್ಮಿ ತನ್ನಿ ಅಂತ ಕಳಿಸಿದರು. ತಿಂಗಳುಗಟ್ಟಲೆ ಪ್ರಾಣ ಹಿಂಡಿದ ಕೆಮ್ಮು, ಬೇಕು ಅಂದಾಗ ಬರಲೊಲ್ಲದು. ಪಕ್ಕದಲ್ಲಿ ಡಬ್ಬಿ ಹಿಡಿದು ನಿಂತಿದ್ದ ಸಂಡೂರಿನ ಲಾರಿ ಡ್ರೈವರ್ ಒಬ್ಬ ನನ್ನ ಕಷ್ಟ ನೋಡಿ, "ಯಜಮಾನ್ರೇ, ನಮ್ಮ ಲಾರಿ ಹಿಂದ ಒಂದು ರೌಂಡ್ ಬರ್ರಿ, ಡಬ್ಬಿ ತುಂಬಿ ಮ್ಯಾಲೆ ಚೆಲ್ಲತೈತಿ," ಅಂದ. ಇಬ್ಬರೂ ನಕ್ಕೆವು. ನಕ್ಕಿದ್ದಕ್ಕೆ ಕೆಮ್ಮು ಬಂತು, ಇಬ್ಬರ ಡಬ್ಬಿಯೂ ತುಂಬಿತು. ಆ ರೋಗದ ಆರು ತಿಂಗಳಲ್ಲಿ ನನಗೆ ಸಿಕ್ಕ ಮೊದಲ ಕರುಣೆ ಅದು. ಅವನ ಹೆಸರೂ ನನಗೆ ಗೊತ್ತಿಲ್ಲ.

ಕ್ಷಯ ಅಂತ ತಿಳಿದದ್ದು ಮೂರನೆಯ ದಿನ. ಔಷಧಿ ಕೊಡುವ ನಾಗರತ್ನ ಸಿಸ್ಟರ್ ಕಪಾಟಿನಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿ, ಅದರ ಮೇಲೆ ನನ್ನ ಹೆಸರು ಬರೆದರು: ಸುಂದರರಾಜ. "ಆರು ತಿಂಗಳ ಮಾತ್ರಿ ಅಷ್ಟೂ ಇದರಾಗ ಐತಿ. ಇನ್ನೊಬ್ಬರಿಗೆ ಕೊಡಂಗಿಲ್ಲ. ಇದು ನಿಮ್ಮದು," ಅಂದರು. ಹೆದರಿದ ಮನುಷ್ಯನಿಗೆ ಒಂದು ಪೆಟ್ಟಿಗೆ ಎಂಥ ಸಮಾಧಾನ ಕೊಡುತ್ತದೆ ಅಂತ ಹೇಳಿದರೆ ನಂಬುತ್ತೀರೋ ಇಲ್ಲವೋ. ಸೋಮವಾರ, ಬುಧವಾರ, ಶುಕ್ರವಾರ ಹೋಗಿ ಅವರ ಕಣ್ಣೆದುರೇ ಏಳು ಮಾತ್ರೆ ನುಂಗಬೇಕು. ಈಗ ಆ ಬೆಂಚಿನ ಮೇಲೆ ಕೂತು ಇದನ್ನು ಓದುತ್ತಿರುವವರಿಗೆ ಇಷ್ಟು ಹೇಳುತ್ತೇನೆ: ನುಂಗಿ. ಮೂತ್ರ ಕೆಂಪಾಗುತ್ತದೆ, ಹೆದರಬೇಡಿ. ಬಾಯಿ ಕಹಿಯಾಗುತ್ತದೆ, ಹೆಂಡತಿಯ ಅಡಿಗೆಯ ಮೇಲೆ ತಪ್ಪು ಹೊರಿಸಬೇಡಿ. ವಾಸಿಯಾಗುತ್ತದೆ. ನನಗೆ ಆಯಿತು.

ಆದರೆ ನಾನು ಬರೆಯಲು ಕೂತದ್ದು ನನ್ನ ಎದೆಯ ಕಥೆಯನ್ನಲ್ಲ. ಸಿಸ್ಟರ್ ಆಮೇಲೆ ಕೇಳಿದ ಪ್ರಶ್ನೆಯ ಕಥೆ.

"ಮನಿಯಾಗ ಯಾರ್ಯಾರದಾರ?"

"ಹೆಂಡತಿ, ಎಂಟನೇ ಕ್ಲಾಸಿನ ಮಗಳು." ಅವರಿಬ್ಬರನ್ನೂ ಅವತ್ತೇ ಪರೀಕ್ಷೆ ಮಾಡಿದರು. ದೇವರ ದಯೆ, ಏನೂ ಇರಲಿಲ್ಲ.

"ಕೆಲಸದಾಗ? ನಿಮ್ಮ ಕೂಡ ಒಂದೇ ಖೋಲ್ಯಾಗ ಕುಂದ್ರೋರು?"

ನಾನು ಅದಿರು ಗುಡ್ಡೆ ಹಾಕುವ ಒಂದು ಯಾರ್ಡಿನಲ್ಲಿ ರೈಟರ್ ಆಗಿದ್ದೆ. ಬಂದ ಲಾರಿ, ಹೋದ ಲಾರಿ ಬರೆದು ಡ್ರೈವರಿಗೆ ಚೀಟಿ ಕೊಡುವ ಕೆಲಸ. ಗೇಟಿನ ಪಕ್ಕದ ತಗಡಿನ ಖೋಲಿಯೇ ನನ್ನ ಆಫೀಸು. ಅಲ್ಲಿ ಚಹಾ ಕಾಯಿಸಿ, ನೀರು ತುಂಬಿಸಿ, ಕಸ ಹೊಡೆಯುವವಳು ಹುಲಿಗೆಮ್ಮ. ಮೂವತ್ತೈದರ ಆಸುಪಾಸಿನ ಹೆಂಗಸು, ಗಂಡ ಇಲ್ಲ, ಬಾಯಿ ಜೋರು. ಧೂಳು ಒಳಗೆ ಬರಬಾರದು ಅಂತ ಆಕೆ ಕಿಟಕಿ ಬಾಗಿಲು ಭದ್ರವಾಗಿ ಹಾಕಿ, ಸಂದಿಗಳಿಗೆಲ್ಲ ಹಳೇ ಸೀರೆ ತುರುಕುತ್ತಿದ್ದಳು. ಆ ಮುಚ್ಚಿದ ಖೋಲಿಯಲ್ಲಿ ಇಬ್ಬರೂ ಮಧ್ಯಾಹ್ನದ ಬುತ್ತಿ ಬಿಚ್ಚಿ, ಅವಳು ತನ್ನ ಊರಿನ ಸುದ್ದಿ ಹೇಳುತ್ತ, ನಾನು ನನ್ನ ಅಜ್ಜಿಯ ಸುದ್ದಿ ಹೇಳುತ್ತ, ನಾನು ಕೆಮ್ಮುತ್ತ, ಅವಳು ಅದನ್ನು ಉಸಿರಾಡುತ್ತ ಕೂತಿದ್ದೆವು. ಎಷ್ಟು ತಿಂಗಳು!

"ಒಬ್ಬಾಕಿ ಅದಾಳ್ರಿ ಸಿಸ್ಟರ್," ಅಂದೆ.

"ಆಕಿ ಕೆಮ್ಮತಾಳೇನು?"

"ಅಲ್ಲಿ ಎಲ್ಲಾರೂ ಕೆಮ್ಮತಾರ್ರಿ."

"ಹಂಗಾರ ನಾಳೆ ಕರಕೊಂಡ ಬರ್ರಿ."

ಆಗ ನನ್ನ ಬಾಯಿಂದ ಬಂದ ಮಾತು ಇದು: "ಪ್ರಾರ್ಥನೆ ಮಾಡಿ ಹೇಳ್ತೀನ್ರಿ."

ಕ್ರೈಸ್ತರ ಮನೆಗಳಲ್ಲಿ ಬೆಳೆದವರಿಗೆ ಈ ಮಾತಿನ ಗುಟ್ಟು ಗೊತ್ತು. ನೇರವಾಗಿ ಆಗುವುದಿಲ್ಲ ಅಂದರೆ ಒರಟು, ಆಗುತ್ತದೆ ಅಂದರೆ ಮಾಡಬೇಕು. ಹೆಣ್ಣು ಕೇಳಲು ಬಂದವರಿಗೆ, ಜಗಳ ಬಿಟ್ಟು ರಾಜಿಯಾಗು ಅಂದವರಿಗೆ, ಎಲ್ಲರಿಗೂ ನಾವು ಇದನ್ನೇ ಹೇಳಿ ಕಳಿಸುತ್ತೇವೆ. ಕೇಳಿದವರು ತಲೆಯಾಡಿಸುತ್ತಾರೆ. ದೇವರ ಹೆಸರು ಬಂದ ಮೇಲೆ ಮುಂದೆ ಮಾತಾಡುವವರು ಯಾರು? ನಾಗರತ್ನ ಸಿಸ್ಟರ್ ನಮ್ಮ ಚರ್ಚಿನ ಸಭೆಯವರಲ್ಲವಾದ್ದರಿಂದ ಮಾತಾಡಿದರು.

"ಅದರಾಗ ದೇವರನ್ನ ಏನ ಕೇಳ್ತೀರಿ? ಕೆಮ್ಮತಾಳೋ ಇಲ್ಲೋ ಅಂತ ಆಕೀನ್ನೇ ಕೇಳ್ರಿ. ದೇವರಿಗೆ ಬ್ಯಾರೆ ಕೆಲಸ ಭಾಳದಾವ."

ನನಗೆ ಕೆಟ್ಟ ಸಿಟ್ಟು ಬಂದಿತ್ತು ಅವರ ಮೇಲೆ. ಅನ್ಯರಿಗೆ ಪ್ರಾರ್ಥನೆಯ ಬೆಲೆ ಏನು ಗೊತ್ತು ಅಂದುಕೊಂಡು ಮನೆಗೆ ಬಂದೆ.

ಯಾರ್ಡಿನ ಯಜಮಾನರು ನಮ್ಮ ಸಭೆಯ ಹಿರಿಯರೇ. ದೇವದಾನಪ್ಪನವರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಇವತ್ತಿಗೂ ಇಷ್ಟು ಸಿಟ್ಟು ಇರುತ್ತಿರಲಿಲ್ಲ. ಸುದ್ದಿ ಕೇಳಿದ ಅರ್ಧ ಗಂಟೆಗೆ ಮೋಸಂಬಿ, ಎಳನೀರು ಹೊರಿಸಿಕೊಂಡು ಬಂದರು. ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತ ನಿಜವಾಗಿಯೂ ಅತ್ತರು. ಆಮೆನ್ ಆದ ಮೇಲೆ ನಾನು ಹುಲಿಗೆಮ್ಮನ ವಿಷಯ ತೆಗೆದೆ. ಅವರು ಕಣ್ಣು ಒರೆಸಿಕೊಂಡರು.

"ನೋಡು ತಮ್ಮಾ. ಯಾರ್ಡಿನಾಗ ಟಿ.ಬಿ. ಅಂತ ಗೊತ್ತಾದ್ರ ಅದಿರು ಆರಿಸೋ ಹೆಣ್ಮಕ್ಕಳು ಒಬ್ಬಾಕೀನೂ ನಿಂದ್ರಂಗಿಲ್ಲ. ಬಂದರಿನಾಗ ನಮ್ಮ ಅದಿರಿಗೆ ಹಡಗು ಕಾಯಾಕತ್ತಾವ. ಅಧಿಕಾರಿಗಳು ಬರ್ತಾರ, ಧೂಳು ನೋಡ್ತಾರ, ನೀರ್ಯಾಕ ಹೊಡಸಿಲ್ಲ ಅಂತಾರ. ಇದು ಅವಸರ ಮಾಡೋ ವಿಷಯ ಅಲ್ಲ. ಆಕೀನ್ನ ಪ್ರಾರ್ಥನಿಗೆ ಇಡೂಣು."

"ಜನ ನನಗೇನಾಗೈತಿ ಅಂತ ಕೇಳಿದ್ರ ಏನ ಹೇಳ್ಲಿ ಅಣ್ಣಾರ?"

"ಟೈಫಾಯ್ಡ್ ಅನ್ನು. ಅದಕ್ಕೂ ಜ್ವರ ಬರತೈತಿ, ಇದಕ್ಕೂ ಬರತೈತಿ."

ನಾನು ಒಪ್ಪಿದೆ. ಅವರ ಹಡಗಿಗಾಗಿ ಒಪ್ಪಲಿಲ್ಲ, ನನ್ನದೇ ಭಯಕ್ಕೆ ಒಪ್ಪಿದೆ. ಸಭೆಯಲ್ಲಿ ಕೀರ್ತನೆ ಎತ್ತಿ ಹಾಡುವವನು ನಾನು. ಕರ್ತನ ಭೋಜನದ ದಿನ ದ್ರಾಕ್ಷಾರಸದ ಒಂದೇ ಪಾತ್ರೆ ಎಲ್ಲರ ಕೈ ದಾಟಿ ಬರುತ್ತದೆ. ನಾನು ಕುಡಿದು ಮುಂದೆ ಕೊಟ್ಟರೆ ಪಕ್ಕದವರು ತುಟಿ ಹಚ್ಚಿದಂತೆ ಮಾಡಿ ದಾಟಿಸಿಬಿಡುತ್ತಾರೆ ಅನ್ನುವ ಚಿತ್ರ ಕಣ್ಣ ಮುಂದೆ ಬಂತು. ಆ ಒಂದು ಚಿತ್ರಕ್ಕೆ ಹೆದರಿ ಒಬ್ಬ ಹೆಂಗಸಿನ ಪುಪ್ಪುಸವನ್ನು ಅಡವಿಟ್ಟೆ.

ಹೀಗಾಗಿ ಶುಕ್ರವಾರದ ಉಪವಾಸ ಕೂಟದಲ್ಲಿ ನಮ್ಮ ಸಭೆಯವರು ವಾರಗಟ್ಟಲೆ ನನಗಿಲ್ಲದ ಟೈಫಾಯ್ಡಿನ ವಿರುದ್ಧ ಮೊಣಕಾಲೂರಿದರು. ಟೈಫಾಯ್ಡನ್ನು ಗದರಿಸಿದರು, ಓಡಿಸಿದರು, ಅದು ಮತ್ತೆ ತಿರುಗಿ ಬಾರದ ಹಾಗೆ ಬೇಲಿ ಹಾಕಿದರು. ಹುಲಿಗೆಮ್ಮನ ಹೆಸರು ಹೇಳಲಿಲ್ಲ. "ಕಷ್ಟದಲ್ಲಿರುವ ಒಬ್ಬ ಸಹೋದರಿಗಾಗಿ" ಅಂತ ಪ್ರಾರ್ಥನಾ ವಿಷಯಗಳ ಪಟ್ಟಿಯ ಕೊನೆಗೆ ಸೇರಿಸಿದರು. ಎಲ್ಲರೂ ಒಂದೇ ದನಿಯಲ್ಲಿ ಆಮೆನ್ ಅಂದರು. ಆಮೇಲೆ ಉಪವಾಸ ಮುರಿಯಲು ಚಹಾ, ಬನ್ನು.

ಇಲ್ಲಿ ನಾನು ಒಂದು ವಿಷಯವನ್ನು ಬಿಚ್ಚಿ ಹೇಳಲೇಬೇಕು. ನನ್ನ ಪ್ರಾರ್ಥನೆ ನಾಟಕವಾಗಿರಲಿಲ್ಲ. ದಿನಾ ಬೆಳಿಗ್ಗೆ ಚಾಪೆಯ ಮೇಲೆ ಹುಲಿಗೆಮ್ಮನ ಹೆಸರು ಹಿಡಿದು ಅತ್ತಿದ್ದೇನೆ. ಕಣ್ಣೀರು ಖರೇ ಕಣ್ಣೀರು. ಅತ್ತು ಎದ್ದ ಮೇಲೆ ಎದೆ ಹಗುರಾಗುತ್ತಿತ್ತು, ಏನೋ ದೊಡ್ಡ ಕೆಲಸ ಮಾಡಿ ಮುಗಿಸಿದ ಹಾಗೆ. ನನಗೆ ಇವತ್ತು ಮೈ ಉರಿಯುವುದು ಆ ಹಗುರಿನ ಮೇಲೆ. ಏಕೆಂದರೆ ದಿನಾ ಬೆಳಿಗ್ಗೆ, ಒಂದು ದಿನವೂ ತಪ್ಪದೆ, ಉತ್ತರ ಬರುತ್ತಿತ್ತು. ಹೋಗಿ ಹೇಳು. ಅಷ್ಟೇ. ಆಕಾಶ ತೆರೆಯಬೇಕಾಗಿರಲಿಲ್ಲ, ಕನಸು ಬೀಳಬೇಕಾಗಿರಲಿಲ್ಲ. ಆ ಉತ್ತರವನ್ನು ಪಕ್ಕಕ್ಕಿಟ್ಟು ಮರುದಿನ ಮತ್ತೆ ಅದೇ ಪ್ರಶ್ನೆ ಹೊತ್ತು ಹೋಗುತ್ತಿದ್ದೆ. ನನ್ನ ಗೇಟಿನಲ್ಲಿ ಒಬ್ಬ ಡ್ರೈವರ್ ಚೀಟಿ ಕೈಯಲ್ಲಿ ಹಿಡಿದುಕೊಂಡೇ "ಎಲ್ಲಿಗೆ ಹೋಗ್ಲಿ ರೈಟ್ರೇ, ಹೇಳ್ರಿ ರೈಟ್ರೇ," ಅಂತ ದಿನವಿಡೀ ಕೈಮುಗಿದು ನಿಂತಿದ್ದರೆ ಅವನನ್ನು ಭಕ್ತ ಅನ್ನುತ್ತಿದ್ದೆನೇ? ಲಾರಿ ತೆಗಿಯೋ ಅಂತ ಕಿರುಚುತ್ತಿದ್ದೆ.

ನನ್ನನ್ನು ಸಾಕಿದ ಅಜ್ಜಿ ಕಂಪ್ಲಿಯವಳು. ನಾನು ಆಡುವ ಭಾಷೆಯೆಲ್ಲ ಆಕೆಯದೇ. ಅಕ್ಷರ ಬಾರದ ಆ ಮುದುಕಿಯ ಪ್ರಾರ್ಥನೆ ಬಹಳ ಗಿಡ್ಡ. ಎದ್ದ ಕೂಡಲೇ ನೆರಿಗೆ ಸೊಂಟಕ್ಕೆ ಸಿಕ್ಕಿಸಿ ಎಲ್ಲಿಗೋ ಹೊರಡುವಳು.

"ಎಲ್ಲಿಗಬೇ?"

"ಆ ಗೌರವ್ವನ ಕೂಡ ಮಾತು ಬಿಟ್ಟೀನಲ್ಲ, ಹೋಗಿ ಮಾತಾಡ್ಸು ಅಂದ. ಹೊಂಟೀನಿ."

"ಯಾರಂದ?"

"ಇನ್ಯಾರಪಾ, ಮ್ಯಾಲಿನಾತ. ತಾನರ ಸುಮ್ಕ ಇರಬಾರದಾ, ಈ ಬಿಸಲಾಗ ಮುದುಕೀನ್ನ ಅಟ್ಟತಾನ."

ಬೈಯುತ್ತಲೇ ಹೋಗುತ್ತಿದ್ದಳು. ಆದರೆ ಹೋಗುತ್ತಿದ್ದಳು. ಅಂಥವಳ ಮೊಮ್ಮಗ ನಾನು, ಮೊಣಕಾಲಿನ ಚರ್ಮ ದಪ್ಪವಾಗುವಷ್ಟು ಪ್ರಾರ್ಥಿಸಿ ಹೊಸ್ತಿಲು ದಾಟಲಿಲ್ಲ.

ಎರಡನೆಯ ತಿಂಗಳಿಗೆ ಹಸಿವು ತಿರುಗಿ ಬಂತು, ಜ್ವರ ಬಿಟ್ಟಿತು, ರಜೆ ಮುಗಿಸಿ ನಾನು ಮತ್ತೆ ಕೆಲಸಕ್ಕೆ ಹೋದೆ. ತಗಡಿನ ಖೋಲಿಯ ಸುತ್ತ ನೆಲ ಒದ್ದೆಯಾಗಿತ್ತು.

"ಯಾರವಾ ನೀರು ಹೊಡದಾರು? ಯಜಮಾನ್ರು ಟ್ಯಾಂಕರ್ ತರಿಸ್ಯಾರೇನು?"

"ತರಸ್ತಾರ, ನನ್ನ ಮದಿವಿಗೆ," ಅಂದಳು ಹುಲಿಗೆಮ್ಮ. "ನಾನೇ ಹೊಡದೀನಿ. ಬೋರಿನಿಂದ ಹತ್ತು ಕೊಡ. ನೀವು ಬರ್ತೀರಂತ ಗೊತ್ತಾತು. ಜಡ್ಡಿನಿಂದ ಎದ್ದೀರಿ, ಧೂಳು ಬಡದೀತು ಅಂತ. ಟೈಫಾಡ್ ಪೂರಾ ಹೋತಿಲ್ರಿ ರೈಟ್ರೇ?"

ಹತ್ತು ಕೊಡ ಹೊತ್ತದ್ದಕ್ಕೋ ಏನೋ, ಇಷ್ಟು ಹೇಳುವುದರೊಳಗೆ ಮೂರು ಸಲ ಕೆಮ್ಮಿದಳು. ಕುಬುಸದ ತೋಳು ಜೋಲಾಡುತ್ತಿತ್ತು. ಆಕೆ ಯಾವ ಪ್ರಾರ್ಥನೆಯನ್ನೂ ಮಾಡಿರಲಿಲ್ಲ. ಬೋರಿಗೆ ಹೋಗಿ ಬಂದಿದ್ದಳು.

ಹೇಳಿದೆನೇ? ಇಲ್ಲ. "ಹೋತವಾ," ಅಂದೆ. ಕಿಟಕಿ ಮಾತ್ರ ತೆರೆದೆ. ಸಂಜೆ ದೇವದಾನಪ್ಪನವರ ಮನೆಗೆ ಹೋಗಿ, ಆಕೆ ಸೊರಗಿದ್ದಾಳೆ ಅಂದೆ. "ಇನ್ನೂ ಗಟ್ಟಿಯಾಗಿ ಪ್ರಾರ್ಥಿಸೂಣು," ಅಂದರು. ಶುಕ್ರವಾರದ ಉಪವಾಸವನ್ನು ಬುಧವಾರಕ್ಕೂ ವಿಸ್ತರಿಸಿದರು. ನಮಗೆ ಅದಕ್ಕಿಂತ ದೊಡ್ಡ ತ್ಯಾಗ ತೋಚಲಿಲ್ಲ.

ಮನೆಯಲ್ಲಿ ರೂತಮ್ಮ ಎಷ್ಟು ದಿನ ನೋಡಿದಳೋ, ಮೂರು ತಿಂಗಳು ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ನಾನು ಚಾಪೆ ಹಾಸುವಾಗ ಅದನ್ನು ಕೈಯಿಂದ ಕಿತ್ತುಕೊಂಡಳು.

"ಸಾಕು ಮಾಡ್ರಿ. ದೇವರಿಗೆ ಬ್ಯಾಸರಾಗಿರಬೇಕು, ಒಂದೇ ಮಾತು ಎಷ್ಟ ಸರ್ತಿ ಹೇಳಬೇಕು ಈ ಮನುಷಾಗ ಅಂತ."

"ಪ್ರಾರ್ಥನಿ ಬ್ಯಾಡ ಅಂತೀಯಾ?"

"ಮಾಡ್ರಿ. ದವಾಖಾನಿ ಬೆಂಚಿನ ಮ್ಯಾಲೆ ಆಕೀನ್ನ ಕುಂದ್ರಿಸಿ ಬಾಜೂಕ ಕುಂತು ಮಾಡ್ರಿ. ಅಲ್ಲೂ ಕೇಳತೈತಿ ಆತಗ. ನೀವು ಈ ಚಾಪಿ ಮ್ಯಾಲೆ ಕುಂತ್ರ ನನಗ ಈಗೀಗ ಅಂಜಿಕಿ ಬರತೈತಿ, ಇವತ್ತು ಮತ್ತ್ಯಾವುದನ್ನ ತಪ್ಪಿಸಿಕೊಳ್ಳಾಕ ಕುಂತೀರೋ ಅಂತ."

ಇಪ್ಪತ್ತು ವರ್ಷದ ಸಂಸಾರದಲ್ಲಿ ಆಕೆ ಹಾಗೆ ಮಾತಾಡಿದ್ದು ಅದೇ ಮೊದಲು. ನಾನು ಅಂಗಿ ಹಾಕಿಕೊಂಡು ಯಾರ್ಡಿಗೆ ಹೋದೆ. ಹುಲಿಗೆಮ್ಮ ಬಂದಿರಲಿಲ್ಲ. ಖೋಲಿಯಲ್ಲಿ ಬೇರೆ ಒಬ್ಬ ಹುಡುಗಿ ಚಹಾ ಕಾಯಿಸುತ್ತಿದ್ದಳು. ಕಿಟಕಿ ಮತ್ತೆ ಮುಚ್ಚಿತ್ತು.

"ಹುಲಿಗೆಕ್ಕಗ ನಿನ್ನಿ ಬಾಯಾಗ ರಕ್ತ ಬಂತ್ರಿ, ಯಜಮಾನ್ರು ಮನೀಗೆ ಕಳಿಸ್ಯಾರ," ಅಂದಳು ಆ ಹುಡುಗಿ.

ನಾನು ಆಟೋ ಹಿಡಿದೆ. ಸಂಡೂರು ರಸ್ತೆಯ ಪಕ್ಕದ ಗುಡಿಸಲಿನಲ್ಲಿ ಹುಲಿಗೆಮ್ಮ ಗೋಡೆಗೆ ಒರಗಿ ಕೂತಿದ್ದಳು. ದವಾಖಾನಿಗೆ ಹೋಗೂಣು ಬಾ ಅಂದೆ, ಏಳಲಾರದೆ ಎದ್ದಳು. ಆಟೋದಲ್ಲಿ ಆಸ್ಪತ್ರೆಯ ದಾರಿಯುದ್ದಕ್ಕೂ ಹೇಳಬೇಕು ಹೇಳಬೇಕು ಅಂದುಕೊಂಡು, ಕೊನೆಗೆ ಆ ಬೆಂಚಿನ ಮೇಲೆ ಕೂತಾಗ ಹೇಳಿದೆ.

"ನಂದು ಟೈಫಾಯ್ಡ್ ಅಲ್ಲವಾ. ಟಿ.ಬಿ. ನನ್ನಿಂದ ನಿನಗ ಬಂದಿರಬೇಕು."

ಆಕೆ ನನ್ನನ್ನು ನೋಡಲಿಲ್ಲ. ಕೈಯಲ್ಲಿದ್ದ ಡಬ್ಬಿ ನೋಡಿದಳು.

"ನಿಮಗ ಗೊತ್ತಾಗಿ ಎಷ್ಟ ದಿನ ಆತ್ರಿ?"

"ಮೂರು ತಿಂಗಳು."

"ಮೂರು ತಿಂಗಳು ಏನ ಮಾಡ್ತಿದ್ರಿ?"

ಸುಳ್ಳು ಹೇಳುವ ತ್ರಾಣ ಉಳಿದಿರಲಿಲ್ಲ. "ನಿನಗೋಸ್ಕರ ಪ್ರಾರ್ಥನಿ ಮಾಡ್ತಿದ್ದೆ," ಅಂದೆ.

ಹುಲಿಗೆಮ್ಮ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ನಿಂತ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು ಅಂದಳು: "ಮೂರು ತಿಂಗಳು ದೇವರ ಮುಂದ ಕುಂದ್ರಾಕ ಶಕ್ತಿ ಇತ್ತು. ನನ್ನ ಮುಂದ ಒಂದು ಗಳಿಗಿ ನಿಂದ್ರಾಕ ಇರಲಿಲ್ಲೇನ್ರಿ ರೈಟ್ರೇ?"

ಎಕ್ಸ್-ರೇಯಲ್ಲಿ ಆಕೆಯ ಎಡಗಡೆಯ ಪುಪ್ಪುಸ ಅರ್ಧದಷ್ಟು ಹಾಳಾಗಿತ್ತು. ನಾಗರತ್ನ ಸಿಸ್ಟರ್ ಹೊಸ ಪೆಟ್ಟಿಗೆ ಇಳಿಸಿ ಹೆಸರು ಬರೆದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮೂರು ತಿಂಗಳ ಹಿಂದ ಬಂದಿದ್ರ ರೋಗ ಇಷ್ಟು ತಿಂತಿದ್ದಿಲ್ಲ," ಅಂತ ಎಕ್ಸ್-ರೇಯ ಹಾಳೆಗೆ ಹೇಳಿದರು.

ಆ ಭಾನುವಾರ ಸಭೆಯಲ್ಲಿ, ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವ ಹೊತ್ತಿನಲ್ಲಿ ದೇವದಾನಪ್ಪನವರು, "ನಮ್ಮ ಸಹೋದರನನ್ನು ಕರ್ತನು ಟೈಫಾಯ್ಡಿನಿಂದ ಎಬ್ಬಿಸಿದ್ದಾನೆ, ಮುಂದೆ ಬಂದು ಸಾಕ್ಷಿ ಹೇಳಲಿ," ಅಂದರು. ಹೋಗಿ ಹೇಳಿದೆ. ಕ್ಷಯ ಅಂದೆ. ಸುಳ್ಳು ಅಂದೆ. ನೀವು ಪ್ರಾರ್ಥಿಸಿದ ಆ ಸಹೋದರಿಯ ಹೆಸರು ಹುಲಿಗೆಮ್ಮ ಅಂದೆ. ದೇವರು ನಮ್ಮ ಪ್ರಾರ್ಥನೆಗೆ ಮೊದಲನೆಯ ದಿನವೇ ಉತ್ತರ ಕೊಟ್ಟಿದ್ದ, ಅದು ನಮಗೆ ಹಿಡಿಸಲಿಲ್ಲ, ಅದಕ್ಕೆ ಮೂರು ತಿಂಗಳು ಅವನ ದನಿ ಕೇಳಿಸದ ಹಾಗೆ ನಾವೇ ಗಟ್ಟಿಯಾಗಿ ಒದರಿದೆವು ಅಂದೆ. ಮುಂದಿನ ಸಾಲಿನ ಒಂದಿಬ್ಬರು ಸೆರಗು ಮೂಗಿಗೆ ಹಿಡಿದರು.

ದೇವದಾನಪ್ಪನವರು ಎದ್ದು ನಿಂತು, "ಎಲ್ಲಾರೂ ಕಣ್ಣು ಮುಚ್ಚೂಣು, ಪ್ರಾರ್ಥಿಸೂಣು," ಅಂದರು.

"ಮುಚ್ಚಬ್ಯಾಡ್ರಿ ಅಣ್ಣಾರ!" ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಮೊದಲ ಹೇಳ್ರಿ. ಯಾರ್ಡಿನ ಹೆಣ್ಮಕ್ಕಳನ್ನೆಲ್ಲ ನಾಳೆ ಪರೀಕ್ಷೆಗೆ ಕಳಸ್ತೀರೋ ಇಲ್ಲೋ?"

"ತಮ್ಮಾ, ಇದು ದೇವರ ಸನ್ನಿಧಿ..."

"ಅದಕ್ಕ ಕೇಳಾಕತ್ತೀನಿ. ಕಳಸ್ತೀರೋ ಇಲ್ಲೋ?"

"ಪ್ರಾರ್ಥನೆ ಮಾಡಿ ಹೇಳ್ತೀನಿ," ಅಂದರು.

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಲಿ ಹುಡುಕುವ ಸದ್ದಾಯಿತು. ಆಸ್ಪತ್ರೆಯಲ್ಲಿ ಆಯಾ ಆಗಿ ನಿವೃತ್ತಳಾದ ಮಾರ್ಥಮ್ಮ, ಎಪ್ಪತ್ತು ದಾಟಿದ ಮುದುಕಿ, ಎದ್ದು ನಿಂತಿದ್ದಳು. "ನೀವು ಮಾಡ್ರಿ ದೇವದಾನಪ್ಪ. ನಾನು ನಾಳೆ ಮುಂಜಾನೆ ಈತನ ಕೂಡ ಯಾರ್ಡಿಗೆ ಹೊಂಟೀನಿ. ಗೇಟ್ ಮುಚ್ಚಿಸೋದಿದ್ರ ಈಗ ಹೇಳಿಬಿಡ್ರಿ, ನನಗ ಭಾಳ ಹೊತ್ತು ನಿಂದ್ರಾಕ ಆಗಂಗಿಲ್ಲ."

ಗೇಟು ಮುಚ್ಚಲಿಲ್ಲ. ಎಪ್ಪತ್ತರ ಮುದುಕಿಯನ್ನು ಎಲ್ಲರೆದುರು ತಡೆಯುವ ಧೈರ್ಯ ಯಾರಿಗೂ ಇರಲಿಲ್ಲ. ಹೆಣ್ಮಕ್ಕಳನ್ನೆಲ್ಲ ಪರೀಕ್ಷೆ ಮಾಡಿಸಿದಾಗ ಇನ್ನಿಬ್ಬರಲ್ಲಿ ರೋಗ ಪತ್ತೆಯಾಯಿತು. ಅದರಲ್ಲಿ ಒಬ್ಬಳು ಮೂರು ತಿಂಗಳ ಬಾಣಂತಿ. ಇಬ್ಬರೂ ಬೇಗ ಸಿಕ್ಕಿದ್ದರಿಂದ ಪೂರ್ತಿ ಗುಣವಾದರು. ನನ್ನ ಕೆಲಸ ಹೋಯಿತು, ಕೀರ್ತನೆ ಎತ್ತಲು ಬೇರೆಯವರು ಬಂದರು. ಅದನ್ನು ನಾನು ತ್ಯಾಗ ಅಂತ ಹೇಳಿಕೊಳ್ಳುವುದಿಲ್ಲ. ಮೊದಲನೆಯ ದಿನ ಮಾಡಬೇಕಾದದ್ದನ್ನು ತೊಂಬತ್ತನೆಯ ದಿನ ಮಾಡಿದವನಿಗೆ ಆ ಪದ ಸಲ್ಲದು. ಪ್ರಾರ್ಥನೆಯನ್ನೇನೂ ನಾನು ಬಿಟ್ಟಿಲ್ಲ. ಆದರೆ ಈಗ ಗಿಡ್ಡ ಮಾಡುತ್ತೇನೆ. ಉತ್ತರ ಬಂದ ಮೇಲೂ ಕಣ್ಣು ಮುಚ್ಚಿಕೊಂಡಿರುವವರನ್ನು ಕಂಡರೆ ನನಗೆ ಇನ್ನೂ ಸಿಟ್ಟು ನೆತ್ತಿಗೇರುತ್ತದೆ, ಕನ್ನಡಿಯಲ್ಲಿ ಕಂಡಾಗ ಇನ್ನೂ ಹೆಚ್ಚು.

ಹುಲಿಗೆಮ್ಮನ ಕಫ ಪರೀಕ್ಷೆ ಆರು ತಿಂಗಳಿಗೆ ಚೊಕ್ಕವಾಯಿತು. ಪುಪ್ಪುಸ ತಿರುಗಿ ಬೆಳೆಯಲಿಲ್ಲ. ಯಾರ್ಡಿನ ಕೆಲಸ ಮಾಡಲಾಗದೆ ಹಂಪಿಯಲ್ಲಿರುವ ಅಕ್ಕನ ಮನೆಗೆ ಹೋದಳು. ಮುಂದಿನ ವರ್ಷ ಹಂಪಿ ಬಜಾರಿನಲ್ಲಿ ಆಕೆಯನ್ನು ನೋಡಿದೆ. ಕಲ್ಲಿನ ಮಂಟಪವೊಂದರ ನೆರಳಿನಲ್ಲಿ ಗುಡಿಗೆ ಹೋಗುವವರಿಗೆ ಬಾಳೆಹಣ್ಣು ಮಾರುತ್ತಿದ್ದಳು. ಬಾಯಿ ಅಷ್ಟೇ ಜೋರಿತ್ತು, ಆದರೆ ಪ್ರತಿ ನಾಲ್ಕು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು.

ಅಂದು ಬೆಂಚಿನ ಮೇಲೆ ಕೇಳಲಾಗದ್ದನ್ನು ಕೇಳಿದೆ. "ನನ್ನ ಕ್ಷಮಿಸ್ತೀ ಏನವಾ?"

"ಕ್ಷಮಿಸೀನಿ ಅಂದ್ರ ನಿಮ್ಮ ಎದಿ ಹಗುರಾಗತೈತಿ. ನನ್ನ ಎದಿ?" ಅಂದಳು. ಉಸಿರು ಎಳೆದುಕೊಂಡಳು. ಬಿಸಿಲು ಸರಿದು ಹಣ್ಣಿನ ಮೇಲೆ ಬಂದಿತ್ತು. "ಅದೆಲ್ಲ ಇರ್ಲಿ. ಆ ಬುಟ್ಟಿ ಎತ್ತಿ ನೆಳ್ಳಿಗೆ ಇಡ್ರಿ. ನನಗ ಆಗಂಗಿಲ್ಲ."

ಎತ್ತಿ ಇಟ್ಟೆ.

"ಹಿಂದ ಇನ್ನೊಂದೈತಿ ನೋಡ್ರಿ," ಅಂದಳು.